ಚೀನಾದಿಂದ ಜೋಡಿ ಫ್ರೇಮ್

ನನ್ನ ಕಾಲಿನ ಒಳಬದಿಯ ಅಳತೆ ಎಷ್ಟೆಂಬುದು ಈ ಪ್ರಪಂಚದಲ್ಲಿ ನನ್ನನ್ನು ಬಿಟ್ಟರೆ ಇಬ್ಬರಿಗೆ ಮಾತ್ರ ಗೊತ್ತು. ಒಬ್ಬಾಕೆ ಚೀನಾದವಳು, ಅವಳನ್ನು ನಾನು ನೋಡಿಯೇ ಇಲ್ಲ. ಇನ್ನೊಬ್ಬ ನನ್ನ ಸ್ನೇಹಿತ ದಿನೇಶ. ನನ್ನ ವಯಸ್ಸಿಗೆ ಇದು ಹೆಮ್ಮೆಪಡುವ ಸಂಗತಿಯೋ ನಾಚಿಕೆಪಡುವ ಸಂಗತಿಯೋ ಇನ್ನೂ ತೀರ್ಮಾನವಾಗಿಲ್ಲ. ಸಾಮಾನ್ಯವಾಗಿ ಐವತ್ತರ ಹತ್ತಿರ ಬಂದ ಗಂಡಸಿನ ಅಳತೆಗಳು ಹೆಂಡತಿಗೆ ಗೊತ್ತಿರುತ್ತವೆ, ಇಲ್ಲವಾದರೆ ದರ್ಜಿಗೆ. ನಾನು ಮದುವೆಯಾಗಲಿಲ್ಲ. ಪ್ಯಾಂಟುಗಳನ್ನು ರೆಡಿಮೇಡ್ ಕೊಳ್ಳುತ್ತೇನೆ.

ಕೊಪ್ಪದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಕಣ್ಣು ಪರೀಕ್ಷೆಯನ್ನೂ ಮಾಡುವುದರಿಂದ ಜನ ನನ್ನನ್ನು ಡಾಕ್ಟ್ರೇ ಎಂದು ಕರೆಯುತ್ತಾರೆ. ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ ಈಗ ಓಗೊಡುತ್ತೇನೆ. ಈ ಕಸುಬಿನಲ್ಲಿ ಒಂದು ವಿಚಿತ್ರವಿದೆ. ದಿನವಿಡೀ ಜನ ನನ್ನ ಎದುರಿಗೇ ಬಂದು ಕೂರುತ್ತಾರೆ, ನನ್ನ ಕಡೆಗೇ ಮುಖ ಮಾಡುತ್ತಾರೆ, ಕಣ್ಣರಳಿಸಿ ನೋಡುತ್ತಾರೆ. ಆದರೆ ಅವರು ನೋಡುವುದು ನನ್ನ ಹಿಂದೆ ಗೋಡೆಯ ಮೇಲಿರುವ ಅಕ್ಷರಗಳನ್ನು. ಕೆಳಗಿನ ಸಾಲು ಕಾಣದಿದ್ದರೆ ಅದಕ್ಕೂ ನನ್ನ ಮೇಲೆ ಸಿಟ್ಟು.

ಇಂಥ ಆರು ದಿನಗಳ ನಂತರ ಬರುವ ಭಾನುವಾರವನ್ನು ನಾನು ಸೈಕಲ್ಲಿಗೆ ಮೀಸಲಿಟ್ಟಿದ್ದೆ. ಒಬ್ಬನೇ ಅಲ್ಲ, ದಿನೇಶನೂ ಜೊತೆಗಿದ್ದ. ದಿನೇಶ ಬಸರೀಕಟ್ಟೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕತೆ ಕವನ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಆದರೆ ಕತೆಗಾರನಿಗಿಂತ ಹೆಚ್ಚು ಕತೆ ಅವನ ಹತ್ತಿರ ಇರುತ್ತಿತ್ತು. ಅವನೂ ನನ್ನ ಹಾಗೆ ಮದುವೆಯಾಗದವನು. ನಾವು ಒಂದು ಭಾನುವಾರ ಶೃಂಗೇರಿ ಕಡೆ, ಇನ್ನೊಂದು ಭಾನುವಾರ ಎನ್.ಆರ್. ಪುರದ ಕಡೆ, ಉಮೇದು ಹೆಚ್ಚಾದರೆ ಬೇಗಾರಿನವರೆಗೂ ತುಳಿಯುತ್ತಿದ್ದೆವು. ಯಾವಾಗಲೂ ನಾನು ಮುಂದೆ, ಅವನು ಹಿಂದೆ. ನಾನು ಮೌನಿ, ಅವನು ವಾಚಾಳಿ. ಎಸ್ಟೇಟಿನ ಜೀಪು ಕೆಸರಿನಲ್ಲಿ ಹೂತದ್ದು, ಮೇಗುಂದದ ಅವನ ಅಕ್ಕನ ಮನೆಯ ಹಸು ಹಟ ಹಿಡಿದದ್ದು, ಎಲ್ಲವೂ ನನ್ನ ಬೆನ್ನ ಹಿಂದಿನಿಂದ ಕೇಳಿಬರುತ್ತಿತ್ತು. ಏರು ಬಂದಾಗ ವಾಕ್ಯಗಳು ತುಂಡಾಗುತ್ತಿದ್ದವು. ಇಳಿಜಾರಿನಲ್ಲಿ ಗಾಳಿ ಅರ್ಧ ಕತೆಯನ್ನು ಹಾರಿಸಿಕೊಂಡು ಹೋಗುತ್ತಿತ್ತು. ಅವನ ಮುಖಕ್ಕಿಂತ ಅವನ ದನಿಯೇ ನನಗೆ ಹೆಚ್ಚು ಪರಿಚಿತ.

ಒಮ್ಮೆ ಎನ್.ಆರ್. ಪುರದ ದಾರಿಯ ಇಳಿಜಾರೊಂದರಲ್ಲಿ ಆ ದನಿ ಇದ್ದಕ್ಕಿದ್ದಂತೆ ನಿಂತಿತು. ಗಾಳಿ ಎಂದುಕೊಂಡು ನಾನು ಮುಂದೆ ಹೋದೆ. ಇಳಿಜಾರು ಮುಗಿದ ಮೇಲೂ ಕತೆ ಮುಂದುವರಿಯದಿದ್ದಾಗ ತಿರುಗಿ ಏರಿ ಬಂದರೆ, ದಿನೇಶ ರಸ್ತೆಯ ಅಂಚಿನಲ್ಲಿ ಮೊಣಕಾಲು ಹಿಡಿದುಕೊಂಡು ಕೂತಿದ್ದ. ಸೈಕಲ್ಲಿನ ಫ್ರೇಮ್ ಬಿರುಕು ಬಿಟ್ಟಿತ್ತು.

"ಎಂತಾಯ್ತಾ?" ಎಂದೆ.

"ಎಂತ ಇಲ್ಲ ಮಾರಾಯ, ಎಲೆ ಮೇಲೆ ಜಾರ್ತು" ಎಂದ.

ಎನ್.ಆರ್. ಪುರದ ಕಡೆ ಹೋಗುತ್ತಿದ್ದ ಗೂಡ್ಸ್ ಆಟೋ ನಿಲ್ಲಿಸಿ, ಎರಡೂ ಸೈಕಲ್ಲುಗಳನ್ನೂ ಅವನನ್ನೂ ಹತ್ತಿಸಿ, ಅಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನೇ. ಗಾಯ ತೊಳೆದು ಪಟ್ಟಿ ಕಟ್ಟಿದ ನರ್ಸಿನ ಹೆಸರು ಸುಜಾತ. ಎತ್ತರದ, ನೇರ ಮಾತಿನ ಹೆಂಗಸು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವಂತೆ, ಅದು ನಮಗೆ ಆಮೇಲೆ ತಿಳಿದದ್ದು. "ಈ ವಯಸ್ಸಲ್ಲಿ ಸೈಕಲ್ ರೇಸಾ?" ಎಂದು ದಿನೇಶನನ್ನು ಗದರಿಸಿದರು. ಗದರಿಸಿಕೊಂಡು ಅವನು ಅಷ್ಟು ಸಂತೋಷಪಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೊಪ್ಪದಲ್ಲೇ ಆಸ್ಪತ್ರೆ ಇದ್ದರೂ ಪಟ್ಟಿ ಬದಲಿಸಲು ಅವನು ಎನ್.ಆರ್. ಪುರಕ್ಕೇ ಬಸ್ಸಿನಲ್ಲಿ ಹೋಗತೊಡಗಿದ. ಜೊತೆಗೆ ನಾನು. ಅವನು ಒಳಗೆ ಹೋದಾಗ ನಾನು ಹೊರಗಿನ ಬೆಂಚಿನ ಮೇಲೆ ಕೂತು ಗೋಡೆಯ ಮೇಲಿನ ಲಸಿಕೆಯ ಚಿತ್ರಪಟಗಳನ್ನು ಓದುತ್ತಿದ್ದೆ. ಗಾಯ ಮಾಗಿತು. ಪಟ್ಟಿ ಬದಲಿಸುವುದು ನಿಲ್ಲಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು. ಪರರ ದೃಷ್ಟಿದೋಷ ಹಿಡಿಯುವುದು ನನ್ನ ಕಸುಬು, ಸ್ವಂತದ್ದಕ್ಕೆ ಬೋರ್ಡು ಹಾಕಿಲ್ಲ.

ನನ್ನ ತಲೆ ಪೂರ್ತಿ ಆಗ ಬೇರೆ ಕಡೆ ಇತ್ತು. ದಿನೇಶನಿಗೆ ಹೊಸ ಫ್ರೇಮ್ ಬೇಕು, ನನ್ನದೂ ಹಳತಾಗಿದೆ, ಇಬ್ಬರಿಗೂ ಕಾರ್ಬನ್ ಸೈಕಲ್ಲೇ ಆಗಲಿ ಎಂದು ನನಗೆ ಹುಚ್ಚು ಹತ್ತಿತು. ಕಾರ್ಬನ್ ಎಂದರೆ ಕೂದಲಿಗಿಂತ ಸಣ್ಣ ಎಳೆಗಳನ್ನು ನೇಯ್ದು, ಅಂಟಿನಲ್ಲಿ ಅದ್ದಿ, ಅಚ್ಚಿನಲ್ಲಿಟ್ಟು ಬೇಯಿಸಿದ ವಸ್ತು. ಕಬ್ಬಿಣಕ್ಕಿಂತ ಗಟ್ಟಿ, ಒಂದೇ ಬೆರಳಿನಲ್ಲಿ ಎತ್ತಬಹುದಾದಷ್ಟು ಹಗುರ. ಹೊಟ್ಟೆ ಇಳಿಸಿದರೆ ಬಿಟ್ಟಿಯಾಗಿ ಆಗುತ್ತಿದ್ದ ಕೆಲಸವನ್ನು ಸೈಕಲ್ಲಿನ ಭಾರ ಇಳಿಸಿ ದುಬಾರಿಯಾಗಿ ಮಾಡಿಕೊಳ್ಳುವ ವಿದ್ಯೆ ಇದು. ದೊಡ್ಡ ಹೆಸರಿನ ಕಂಪನಿಗಳ ಫ್ರೇಮಿಗೆ ಹೇಳುವ ಬೆಲೆಯಲ್ಲಿ ಒಳ್ಳೆಯ ಬೈಕೇ ಬರುತ್ತದೆ. ಆದರೆ ಅಂಥ ಫ್ರೇಮುಗಳನ್ನು ಮಾಡುವ ಕಾರ್ಖಾನೆಗಳೆಲ್ಲ ಬಹುಪಾಲು ಚೀನಾದಲ್ಲಿವೆ, ಅಲ್ಲಿನ ಸಣ್ಣ ತಯಾರಕರು ತಮ್ಮದೇ ಫ್ರೇಮು, ಚಕ್ರಗಳನ್ನು ನೇರವಾಗಿ ಮಾರುತ್ತಾರೆ ಎಂಬುದು ಅಂತರ್ಜಾಲ ತಡಕಿದಾಗ ತಿಳಿಯಿತು. ಇದೇನೂ ನನಗೆ ಹೊಸ ಲೋಕವಲ್ಲ. ನಾನು ಮಾರುವ ಕನ್ನಡಕದ ಫ್ರೇಮುಗಳೂ ಅಲ್ಲಿಯವೇ. ವಿದೇಶಿ ಹೆಸರು ಹೊತ್ತದ್ದೂ ಅಲ್ಲಿಯದು, ಹೆಸರಿಲ್ಲದ್ದೂ ಅಲ್ಲಿಯದು, ಎರಡೂ ಒಂದೇ ಮೂಗಿನ ಮೇಲೆ ಕೂರುತ್ತವೆ.

ಹಾಗೆ ನೋಡಿದರೆ ನಮ್ಮವರು ಚೀನಾದಿಂದ ತರಿಸುವುದು ನಿನ್ನೆ ಮೊನ್ನೆಯದಲ್ಲ. ಹಳೆಯ ಕಾವ್ಯಗಳ ನಾಯಕಿಯರು ಉಟ್ಟದ್ದು ಚೀನಾಂಬರ. ಅಜ್ಜಿ ಉಪ್ಪಿನಕಾಯಿ ಹಾಕುತ್ತಿದ್ದದ್ದು ಚೀನೀ ಭರಣಿಯಲ್ಲಿ. ಕುಂಬಳವೊಂದಕ್ಕೆ ಚೀನಿಕಾಯಿ ಎಂದು ಹೆಸರಿಟ್ಟು ಹುಳಿ ಮಾಡಿ ಉಂಡವರು ನಾವು. ಅದು ನಿಜವಾಗಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ದೂರದಿಂದ ಬಂದದ್ದು ಚೆನ್ನಾಗಿದ್ದರೆ ಚೀನಾದ್ದು ಅಂದುಬಿಡುತ್ತಿದ್ದರು. ಈ ಪರಂಪರೆಯ ಕೊನೆಯ ಕೊಂಡಿಯಾಗಿ ನಾನು ಸಮುದ್ರದಂಚಿನ ಊರೊಂದರ ಕಾರ್ಖಾನೆಗೆ ಸಂದೇಶ ಕಳಿಸಿದೆ.

ಉತ್ತರ ಕೊಟ್ಟವಳು ಆಮಿ. ಅದು ಅವಳ ನಿಜವಾದ ಹೆಸರಲ್ಲ, ಪರದೇಶದ ಗಿರಾಕಿಗಳ ನಾಲಿಗೆಗೆ ಸುಲಭವಾಗಲಿ ಎಂದು ಇಟ್ಟುಕೊಂಡದ್ದು ಎಂದು ಅವಳೇ ಹೇಳಿದಳು. ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ, ಅವಳ ಕಂಪ್ಯೂಟರು ಅದನ್ನು ಚೀನೀ ಭಾಷೆಗೆ ತಿರುಗಿಸುತ್ತಿತ್ತು, ಅವಳ ಉತ್ತರ ಅದೇ ದಾರಿಯಲ್ಲಿ ಸ್ವಲ್ಪ ಕುಂಟುತ್ತಾ ನನ್ನ ಹತ್ತಿರ ಬರುತ್ತಿತ್ತು. ಮೊದಲ ದಿನವೇ "ಪ್ರಿಯ ಸ್ನೇಹಿತರೇ, ಊಟ ಮಾಡಿದಿರಾ?" ಎಂದು ಕೇಳಿದ್ದಳು. ಇದು ಗಿರಾಕಿ ಹಿಡಿಯುವ ಉಪಾಯ ಎಂದು ಮೊದಲು ಅನುಮಾನಿಸಿದೆ. ಅವರಲ್ಲೂ ನಮ್ಮ ಹಾಗೆ ಊಟ ಆಯ್ತಾ ಎನ್ನುವುದೇ ಕ್ಷೇಮ ವಿಚಾರಿಸುವ ರೀತಿಯಂತೆ. ಗೊತ್ತಾದ ಮೇಲೆ ನಾನೂ ದಿನಾ ಸಂಜೆ ಅಂಗಡಿ ಬಾಗಿಲು ಎಳೆಯುವ ಮುಂಚೆ ಕೇಳತೊಡಗಿದೆ. ಇವತ್ತು ಅನ್ನ ಮೀನು, ಇವತ್ತು ಬರೀ ಶಾವಿಗೆ, ಇವತ್ತು ಇನ್ನೂ ಇಲ್ಲ ಎಂದು ಅವಳು ಬರೆಯುತ್ತಿದ್ದಳು. ನಾನು ನನ್ನ ಚಿತ್ರಾನ್ನವನ್ನು ವರ್ಣಿಸುತ್ತಿದ್ದೆ. ಫ್ರೇಮಿನ ವಿಷಯ ಮಾತಾಡಿ ಮುಗಿದ ಮೇಲೂ ಏನಾದರೊಂದು ಸಂದೇಹ ಹುಡುಕಿ ಕೇಳುತ್ತಿದ್ದೆ ಎಂಬುದನ್ನು ನಿಮ್ಮ ಹತ್ತಿರ ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವಳು ನಮ್ಮಿಬ್ಬರ ಅಳತೆ ಕೇಳಿದಳು. ಎತ್ತರ, ತೋಳಿನ ಉದ್ದ, ಭುಜದ ಅಗಲ, ಕಾಲಿನ ಒಳ ಅಳತೆ. ಕೊನೆಯದನ್ನು ತೆಗೆಯುವ ಕ್ರಮವನ್ನೂ ಚಿತ್ರ ಸಮೇತ ಕಳಿಸಿದಳು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ದಪ್ಪ ಪುಸ್ತಕವೊಂದನ್ನು ಇಟ್ಟು ಮೇಲಕ್ಕೆ ಒತ್ತಿ, ಅದರ ಅಂಚಿನಿಂದ ನೆಲದವರೆಗೆ ಅಳೆಯಬೇಕು. ಒಂದು ಮಧ್ಯಾಹ್ನ ದಿನೇಶ ಅಂಗಡಿಗೆ ಬಂದ. ಲೆನ್ಸ್ ಕಂಪನಿಯ ಕ್ಯಾಟಲಾಗ್ ಹಿಡಿದು ನಾನು ಅಕ್ಷರಗಳ ಪಟದ ಕೆಳಗೆ ನಿಂತೆ, ಅವನು ಟೇಪು ಹಿಡಿದು ಮಂಡಿಯೂರಿದ. "ಅಲ್ಲಾಡಬೇಡ ಮಾರಾಯ" ಎಂದು ಅವನು ಹೇಳುವುದಕ್ಕೂ, ಹೊಸ ಕನ್ನಡಕ ಹಾಕಿಕೊಂಡು ಬೀದಿ ನೋಡಲು ಬಾಗಿಲಿಗೆ ಹೋಗಿದ್ದ ಅಜ್ಜಿಯೊಬ್ಬರು ಒಳಗೆ ತಿರುಗುವುದಕ್ಕೂ ಸರಿಹೋಯಿತು. ಅವರು ನಮ್ಮನ್ನು ಒಂದು ಗಳಿಗೆ ನೋಡಿದರು. ಕನ್ನಡಕ ತೆಗೆದು ಮಡಚಿದರು. "ಹಳೇದೇ ಅಡ್ಡಿಲ್ಲ ಅನ್ಸತ್ತೆ" ಎಂದರು.

ಅವತ್ತು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ದಿನೇಶ, "ಇದೆಲ್ಲ ಬೇಕನಾ? ನಿಂಗೊಬ್ಬನಿಗೇ ತರ್ಸಿದ್ರೆ ಆಗಲ್ವಾ?" ಎಂದ. ಜೋಡಿಯಾಗಿ ತರಿಸಿದರೆ ಸಾಗಣೆ ಅಗ್ಗ ಎಂದು ನಾನು ವಾದಿಸಿದೆ. ಅವನು ಟೇಪನ್ನು ಸುತ್ತುತ್ತಾ ಸುಮ್ಮನಾದ. ಮೌನ ಅವನ ಸ್ವಭಾವವಲ್ಲ ಎಂಬುದು ನನಗೆ ತಟ್ಟಲಿಲ್ಲ. ಕಪ್ಪು ಬಣ್ಣ ಸಾಕೇ, ಹಸಿರು ಗೆರೆ ಬೇಕೇ ಎಂದು ನಾನು ಆಗಲೇ ಆಮಿಗೆ ಬರೆಯುತ್ತಿದ್ದೆ.

ಪೆಟ್ಟಿಗೆಗಳು ಸಮುದ್ರ ದಾಟಿ ಬಂದು ಸುಂಕದವರ ಬಳಿ ನಿಂತವು. ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆ ಮಾಡಿದವರಿಗೆ ನನ್ನ ಅನುಭವ ಮೊದಲೇ ಗೊತ್ತಿತ್ತು. ಕಾಗದಪತ್ರಗಳು ಹೋಗುವುದು ಬರುವುದು ನಡೆಯುತ್ತಿರುವಾಗ, ಒಂದು ದಿನ ದಿನೇಶ ಅಂಗಡಿಗೆ ಬಂದು, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತು, ಅಕ್ಷರಗಳ ಪಟವನ್ನು ನೋಡುತ್ತಾ, "ನಾನೂ ಸುಜಾತನೂ ಮದ್ವೆ ಆಗದು ಅಂತ ಮಾಡಿದೀವಿ" ಎಂದ. ಎಲ್ಲರ ಹಾಗೆ ಅವನೂ ನನ್ನ ಹಿಂದಿನ ಗೋಡೆಯನ್ನೇ ನೋಡಿದ.

ನನಗೆ ನಿಜವಾಗಿಯೂ ಸಂತೋಷವಾಯಿತು. ಅದರ ಹಿಂದೆಯೇ ಇನ್ನೇನೋ ಆಯಿತು, ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತು ಸಿಕ್ಕಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಹರಟುತ್ತಿದ್ದವನು ತನ್ನ ಸ್ಟಾಪು ಬಂತೆಂದು ಎದ್ದಾಗ ಆಗುವಂಥದ್ದು. ಅವನು ಸರಿಯಾದ ಜಾಗದಲ್ಲೇ ಇಳಿಯುತ್ತಿದ್ದಾನೆ, ತಪ್ಪು ಯಾರದೂ ಅಲ್ಲ, ಆದರೂ ಸೀಟು ಖಾಲಿ. ಮದುವೆ ಎನ್.ಆರ್. ಪುರದಲ್ಲಿ ಸರಳವಾಗಿ ನಡೆಯಿತು. ನಾನು ಗಂಡಿನ ಕಡೆಯ ಮುಖ್ಯಸ್ಥನಂತೆ ಓಡಾಡಿದೆ. ಫೋಟೋ ತೆಗೆಯುವವನು, "ಸರ್, ಈಗ ಗಂಡು ಹೆಣ್ಣು ಇಬ್ಬರದೇ ಒಂದು, ಸ್ವಲ್ಪ ಈಚೆ ಬನ್ನಿ" ಎಂದಾಗ ಈಚೆ ಬಂದೆ. ದಿನೇಶ ಎನ್.ಆರ್. ಪುರದಲ್ಲೇ ಮನೆ ಮಾಡಿದ, ಕೆಲಸಕ್ಕೆ ಬಸ್ಸಿನಲ್ಲಿ ಓಡಾಡತೊಡಗಿದ. ಭಾನುವಾರ ಬರುತ್ತೇನೆಂದ, ಬರಲಿಲ್ಲ. ಮುಂದಿನ ವಾರವೂ ಏನೋ ಅಡಚಣೆ. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಹೊಸ ಹೆಂಡತಿ ಬಿಡುವುದಿಲ್ಲವೇನೋ, ಅದರಲ್ಲೂ ಬಿದ್ದವನಿಗೆ ತಾನೇ ಪಟ್ಟಿ ಕಟ್ಟಿದ ಹೆಂಡತಿ ಎಂದುಕೊಂಡೆ.

ಆಗ ಪೆಟ್ಟಿಗೆಗಳು ಬಂದವು. ಕೊರಿಯರಿನವರು ಕೊಪ್ಪದವರೆಗೆ ಬರಲು ಒಪ್ಪದೆ ಶಿವಮೊಗ್ಗದಲ್ಲೇ ಇಳಿಸಿದ್ದರು. ನಾನು ಹೋಗಿ ಎರಡನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಊರಿನ ಸೈಕಲ್ ಅಂಗಡಿಯ ಇಬ್ರಾಹಿಂ ಸಾಹೇಬರು ನನ್ನ ಫ್ರೇಮನ್ನು ಹೊರತೆಗೆದು ಬೆರಳಿನಿಂದ ತಟ್ಟಿ, "ಡಾಕ್ಟ್ರೇ, ಕಾರ್ಬನ್ ಅಂದ್ರೆ ಇದ್ದಿಲೇ ಅಲ್ವಾ? ಬಿಸಿಲಿಗೆ ಇಟ್ರೆ ಹತ್ತಿಕೊಳ್ಳಲ್ವಾ?" ಎಂದರು. ಅವರಿಗೂ ಇದು ಮೊದಲನೆಯದು, ನನಗೂ. ಒಂದೊಂದು ತಿರುಪು ಬಿಗಿಯುವಾಗಲೂ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಫೋನಿನಲ್ಲಿ ವಿಡಿಯೋ ನೋಡಿಕೊಂಡು, ಒಂದು ಕೇಬಲನ್ನು ಫ್ರೇಮಿನ ಹೊಟ್ಟೆಯೊಳಗೆ ತೂರಿಸಲು ಒಂದಿಡೀ ಸಂಜೆ ಒದ್ದಾಡಿ, ಕೊನೆಗೂ ಸೈಕಲ್ಲು ನಿಂತಿತು. ನಿಂತದ್ದೇ ಹಾರಿಹೋಗುವ ಹಾಗಿತ್ತು. ಸಾಹೇಬರು ಅದನ್ನು ಎತ್ತಿ ನೋಡಿ, "ಇದಕ್ಕೆ ಬೀಗ ಹಾಕಿದ್ರೆ ಬೀಗನೇ ಜಾಸ್ತಿ ಭಾರ" ಎಂದರು.

ನಾನು ಸೈಕಲ್ಲಿನ ಚಿತ್ರ ತೆಗೆದು ಆಮಿಗೆ ಕಳಿಸಿದೆ. ಇವತ್ತು ಊಟ ಏನು ಎಂದೂ ಕೇಳಿದೆ. ಮರುದಿನ ಉತ್ತರ ಬಂತು. "ನಮಸ್ಕಾರ ಪ್ರಿಯ ಗ್ರಾಹಕರೇ. ಆಮಿ ಕೆಲಸ ಬಿಟ್ಟಿದ್ದಾರೆ. ನಾನು ಕೆವಿನ್. ಚಕ್ರಗಳು ಇನ್ನೊಂದು ಜೋಡಿ ಬೇಕೇ?" ಎಂದಿತ್ತು. ಬೇಡ ಎಂದು ಬರೆದೆ. ಅವಳ ನಿಜವಾದ ಹೆಸರು ಕೇಳಿಟ್ಟುಕೊಂಡಿರಲಿಲ್ಲ.

ಆ ಭಾನುವಾರ ಒಬ್ಬನೇ ಶೃಂಗೇರಿಗೆ ಹೊರಟೆ. ಸೈಕಲ್ಲಿನ ವಿಷಯದಲ್ಲಿ ಸುಳ್ಳು ಹೇಳಲಾರೆ, ಅದು ಅದ್ಭುತವಾಗಿತ್ತು. ಮೊದಲೆಲ್ಲ ಏದುಸಿರು ಬಿಡಿಸುತ್ತಿದ್ದ ಏರುಗಳು ಯಾರೋ ಬೆನ್ನಿಗೆ ಕೈ ಕೊಟ್ಟಂತೆ ಮುಗಿದುಹೋದವು. ತುಳಿಯುವುದನ್ನು ನಿಲ್ಲಿಸಿದರೆ ಹಿಂದಿನ ಚಕ್ರ ಜೀರುಂಡೆಯಂತೆ ಕಿರುಗುಟ್ಟುತ್ತಿತ್ತು. ಹರಿಹರಪುರ ಬಂದದ್ದೇ ತಿಳಿಯಲಿಲ್ಲ. ಶೃಂಗೇರಿಯಲ್ಲಿ ಹೊಳೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಪುರಿ ಹಾಕಿದೆ. ಇಷ್ಟು ಬೇಗ ಬಂದೆ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಪಕ್ಕದಲ್ಲಿದ್ದ ಯಾತ್ರಿಕರೊಬ್ಬರಿಗೆ ಹೇಳಿದೆ. ಅವರು, "ಬಸ್ಸಿಲ್ವಾ?" ಎಂದು ಕನಿಕರದಿಂದ ಕೇಳಿದರು.

ವೇಗದ ವಿಷಯದಲ್ಲಿ ನನಗೆ ಅಂದು ಹೊಳೆದದ್ದಿಷ್ಟು. ವೇಗ ಎಂಬುದು ಒಬ್ಬನಿಂದ ಆಗುವ ಕೆಲಸವಲ್ಲ. ಹಿಂದೆ ಉಳಿದವನೊಬ್ಬ ಇರಬೇಕು, ಸ್ವಲ್ಪ ನಿಧಾನ ಮಾರಾಯ ಎಂದು ಅವನು ಕೂಗಬೇಕು. ಆಗ ಅದು ವೇಗ. ಇಲ್ಲವಾದರೆ ಬೇಗ ಮನೆಗೆ ಬರುವುದು, ಅಷ್ಟೇ. ಬೇಗ ಬಂದು ಏನು ಮಾಡುವುದು? ಬೀಗ ತೆಗೆಯುವುದು.

ದಿನೇಶನ ಪೆಟ್ಟಿಗೆ ನನ್ನ ಅಂಗಡಿಯ ಮೂಲೆಯಲ್ಲೇ ನಿಂತಿತ್ತು. ಬಂದಿದೆ ಎಂದು ತಿಳಿಸಿದಾಗ, ಬಿಡುವಾದಾಗ ಬರ್ತೀನಿ ಎಂದಿದ್ದ. ಬಂದವರೆಲ್ಲ ಅದರ ಬಗ್ಗೆ ಕೇಳುತ್ತಿದ್ದರು, ಕೆಲವರು ಅದಕ್ಕೆ ಕೊಡೆ ಆನಿಸುತ್ತಿದ್ದರು. ನೋಡಿ ನೋಡಿ ನನಗೆ ಸಿಟ್ಟು ಬಂತು. ಅದನ್ನು ಅವನ ಜಗಲಿಯ ಮೇಲಿಟ್ಟು, ತಗೋ ನಿನ್ನ ಸಾಮಾನು ಎಂದು ಹೇಳಿ ತಿರುಗಿ ಬರುವುದೆಂದು ಒಂದು ಭಾನುವಾರ ಪಿಕಪ್ ಹಿಡಿದು ಎನ್.ಆರ್. ಪುರಕ್ಕೆ ಹೋದೆ.

ಬಾಗಿಲು ತೆಗೆದದ್ದು ಸುಜಾತ. ದಿನೇಶ ಪೇಟೆಗೆ ಹೋಗಿದ್ದ. ನಾನು ಸಿದ್ಧಪಡಿಸಿಕೊಂಡಿದ್ದ ಮಾತನ್ನು ನುಂಗಿಕೊಂಡು ನಿಂತೆ.

"ಅಂತೂ ಬಂದ್ರಲ್ಲ ಅಣ್ಣ!" ಎಂದರು ಅವರು. "ಮದ್ವೆ ಆದ್ಮೇಲೆ ಈ ಕಡೆ ತಲೆನೇ ಹಾಕ್ಲಿಲ್ಲ. ನನ್ನ ಮೇಲೆ ಎಂತಾದ್ರೂ ಬೇಜಾರಿತ್ತಾ?"

"ಅಯ್ಯೋ, ಹಾಗೆಲ್ಲ ಇಲ್ಲ" ಎಂದೆ. "ಅವನೇ ಸೈಕಲ್ಲಿಗೆ ಬರ್ತಿಲ್ಲ. ನೀವು ಬೇಡ ಅಂದಿರಬಹುದು ಅಂತ..."

ಅವರು ನನ್ನನ್ನೇ ನೋಡಿದರು. ನನ್ನ ಹಿಂದಿನ ಗೋಡೆಯನ್ನಲ್ಲ, ನನ್ನನ್ನು.

"ನಾನೆಂತಕ್ಕೆ ಬೇಡ ಅನ್ಲಿ? ಹೋಗಿ ಬನ್ನಿ ಅಂತ ನಾನೇ ಹೇಳೀನಿ. ಅವ್ರು ಈಗ ಸ್ಕೂಟಿನೂ ಮುಟ್ಟಲ್ಲ ಅಣ್ಣ. ನಾನು ಓಡಿಸ್ತೀನಿ, ಹಿಂದೆ ಕೂರ್ತಾರೆ. ಇಳಿಜಾರು ಬಂದ್ರೆ ನನ್ನ ಭುಜ ಗಟ್ಟಿ ಹಿಡ್ಕತ್ತಾರೆ. ನಿಮಗೆ ಹೇಳಿಲ್ವಾ?"

ಹೇಳಿರಲಿಲ್ಲ. ಅಷ್ಟರಲ್ಲಿ ದಿನೇಶ ತರಕಾರಿ ಚೀಲ ಹಿಡಿದು ನಡೆದು ಬಂದ. ಜಗಲಿಯ ಮೇಲೆ ಪೆಟ್ಟಿಗೆ, ಪಕ್ಕದಲ್ಲಿ ನಾನು, ಬಾಗಿಲಲ್ಲಿ ಹೆಂಡತಿಯ ಮುಖ, ಇಷ್ಟನ್ನೂ ನೋಡಿ ಅವನಿಗೆ ಎಲ್ಲವೂ ಅರ್ಥವಾಯಿತು. ಚೀಲವನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತ.

"ಎಲೆ ಮೇಲೆ ಜಾರಿದ್ದು ಹೌದು" ಎಂದ. "ಜಾರಿ ರಸ್ತೆ ಮಧ್ಯಕ್ಕೆ ಬಿದ್ದೆ. ಎದುರಿಂದ ಜೀಪ್ ಬಂತು ಮಾರಾಯ. ಅದರ ಚಕ್ರ ನನ್ನ ತಲೆ ಪಕ್ಕ ಹೋಯ್ತು. ಗಾಳಿ ಕೆನ್ನೆಗೆ ಬಡೀತು. ಅವ್ನು ನಿಲ್ಸೂ ಇಲ್ಲ. ನೀನು ಮುಂದಿದ್ದೆ, ನೋಡಿಲ್ಲ."

"ಹೇಳದಲ್ವನಾ?"

"ಹೇಳದು ಅಂತಲೇ ಇದ್ದೆ. ನೀನು ಅಷ್ಟೊತ್ತಿಗೆ ಫ್ರೇಮು, ಚಕ್ರ, ಹಸಿರು ಗೆರೆ ಅಂತ ಶುರು ಮಾಡಿದ್ದೆ. ನಿಂಗೆ ಅಷ್ಟು ಖುಷಿ ಆಗಿದ್ದು ನಾನು ನೋಡೇ ಇರ್ಲಿಲ್ಲ. ಹೆಂಗೆ ಬೇಡ ಅನ್ನದು?"

ನಾನು ಅವನ ಪಕ್ಕದಲ್ಲಿ ಕೂತೆ. ಆ ಇಳಿಜಾರಿನಲ್ಲಿ ದನಿ ನಿಂತಾಗ ಗಾಳಿ ಎಂದುಕೊಂಡು ಮುಂದೆ ಹೋದದ್ದು ನೆನಪಾಯಿತು. ಇಷ್ಟು ವರ್ಷ ಅವನ ಮಾತು ಕೇಳುತ್ತಾ ಬಂದವನು ನಾನು. ಅವನು ಆಡದ ಒಂದು ಮಾತು ಇತ್ತು, ಅದೊಂದೇ ಕೇಳಿಸಿಕೊಳ್ಳಬೇಕಾದದ್ದಾಗಿತ್ತು. "ಫ್ರೇಮ್ ವಾಪಸ್ ತಗೊಂಡು ಹೋಗ್ಲಾ?" ಎಂದೆ.

"ಇರ್ಲಿ ಬಿಡಾ" ಎಂದ. "ನನ್ನ ಅಳತೇದು. ಬೇರೆ ಯಾರಿಗೆ ಆಗತ್ತೆ?"

ಸುಜಾತ ಒಳಗಿನಿಂದ, "ಊಟ ಮಾಡ್ಕಂಡೇ ಹೋಗ್ಬೇಕು ಅಣ್ಣ" ಎಂದು ಕೂಗಿದರು. ಅಂದು ಊಟಕ್ಕೆ ಉಳಿದೆ. ಪಿಕಪ್ಪಿನವನು ನನ್ನನ್ನು ಬಿಟ್ಟು ಹೋದ.

ಅಂದಿನಿಂದ ಭಾನುವಾರಗಳಿಗೆ ಹೊಸ ಕ್ರಮ ಬಂದಿದೆ. ಬೆಳಿಗ್ಗೆ ನಾನೊಬ್ಬನೇ ಕೊಪ್ಪದಿಂದ ಹೊರಡುತ್ತೇನೆ. ದಿನೇಶ ಬಿದ್ದ ಇಳಿಜಾರಿನಲ್ಲಿ ಬ್ರೇಕು ಹಿಡಿದು ನಿಧಾನವಾಗಿ ಇಳಿಯುತ್ತೇನೆ. ಸೈಕಲ್ಲಿಗೆ ಇದು ಅವಮಾನ, ಆಗಲಿ. ಎನ್.ಆರ್. ಪುರದಲ್ಲಿ ಅವರ ಮನೆಯಲ್ಲಿ ಊಟ. ದಿನೇಶ ವಾರದ ಕತೆಗಳನ್ನೆಲ್ಲ ಹೇಳುತ್ತಾನೆ. ಎದುರಿಗೆ ಕೂತು ಕೇಳಿದಾಗ ಅವನು ಕತೆ ಹೇಳುವಾಗ ಹುಬ್ಬು ಕುಣಿಸುತ್ತಾನೆ ಎಂಬುದು ಗೊತ್ತಾಯಿತು. ಬಿಸಿಲು ಇಳಿದ ಮೇಲೆ ಮತ್ತೆ ಒಬ್ಬನೇ ತುಳಿದುಕೊಂಡು ಬರುತ್ತೇನೆ. ಹೋಗುವಾಗಲೂ ಒಬ್ಬನೇ, ಬರುವಾಗಲೂ ಒಬ್ಬನೇ. ಒಂಟಿತನ ಕಡಿಮೆಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಸಂಜೆ ಬರುವ ದಾರಿ ಹೋಗುವ ದಾರಿಗಿಂತ ಉದ್ದವಾಗಿರುತ್ತದೆ. ಆದರೆ ನಡುವೆ ಒಂದು ಊಟವಿದೆ.

ಕಳೆದ ವಾರ ಹೋದಾಗ ಪೆಟ್ಟಿಗೆ ಜಗಲಿಯಲ್ಲಿರಲಿಲ್ಲ. ನಡುಮನೆಯ ಗೋಡೆಗೆ ಫ್ರೇಮು ಒರಗಿ ನಿಂತಿತ್ತು, ಮೇಲೊಂದು ಹಳೆಯ ಪಂಚೆ ಹೊದಿಸಿತ್ತು. ಹುರುಳಿ ಸಾರಿನ ಜೊತೆ ಎಸ್ಟೇಟಿನ ಮಂಗಗಳ ಕತೆ ನಡೆಯುತ್ತಿತ್ತು. ಮಂಗಗಳು ಗೋಡೌನಿನ ಹೆಂಚು ತೆಗೆದು ಒಳಗಿಳಿಯುವ ಹೊತ್ತಿಗೆ ದಿನೇಶ ತಟ್ಟನೆ ಕತೆ ನಿಲ್ಲಿಸಿದ. ತಟ್ಟೆಯ ಮೇಲಿನ ಅನ್ನವನ್ನು ಬೆರಳಿನಿಂದ ಒಟ್ಟು ಮಾಡುತ್ತಾ, ನನ್ನ ಕಡೆ ನೋಡದೆ ಕೇಳಿದ:

"ಅಲ್ಲಾ, ಈ ಸೈಕಲ್ಲಿನ ಬ್ರೇಕು ಚೆನ್ನಾಗಿ ಹಿಡಿಯತ್ತಾ?"

ಸುಜಾತ ಕೈಯಲ್ಲಿ ಸೌಟು ಹಿಡಿದು ಹಾಗೇ ನಿಂತರು. ನನಗೆ ಹೇಳುವುದು ಬಹಳ ಇತ್ತು. ಡಿಸ್ಕಿನ ಗಾತ್ರ, ಎಣ್ಣೆಯ ಒತ್ತಡ, ಎರಡೇ ಬೆರಳು ಸಾಕೆಂಬುದು, ಎಲ್ಲವೂ ನಾಲಿಗೆಯ ತುದಿಗೆ ಬಂತು. ಅಂಥ ಹೊತ್ತಿನಲ್ಲಿ ವಿವರ ಹೇಳಲು ಹೋಗಬಾರದು ಎಂಬಷ್ಟು ಬುದ್ಧಿ ನನಗೆ ತಡವಾಗಿಯಾದರೂ ಬಂದಿದೆ.

"ಹಿಡಿಯತ್ತೆ" ಎಂದು ಹೇಳಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.